ರೇಟು ಹಾಕಿದ ಮೇಲೂ ಹಳೆಯದೇ ಕಾಣುತ್ತಿತ್ತು: ಬ್ರೌಸರ್ ಕ್ಯಾಶ್ ಜತೆ ನನ್ನ ಅನುಭವ

ಬ್ಯಾಡಗಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗೆ ನಾನು ಮೆಣಸಿನಕಾಯಿ ರೇಟಿನ ವೆಬ್ ಪುಟ ನಡೆಸಿಕೊಡುತ್ತೇನೆ. ಕಡ್ಡಿ, ಡಬ್ಬಿ, ಗುಂಟೂರು, ಹೀಗೆ ಮೆಣಸಿನಕಾಯಿಯ ಪ್ರತಿ ಬಗೆಗೂ ಕ್ವಿಂಟಲ್ ದರ. ಅದನ್ನು ನೋಡಿಯೇ ರೈತರು ಗಾಡಿ ತುಂಬಬೇಕೋ, ಮಾಲು ಕೋಲ್ಡ್ ಸ್ಟೋರೇಜಿನಲ್ಲೇ ಇಡಬೇಕೋ ಅಂತ ತೀರ್ಮಾನಿಸುತ್ತಾರೆ. ಹಳೆಯ ರೇಟು ಕಂಡರೆ ಅವರ ದುಡ್ಡಿಗೇ ಪೆಟ್ಟು.

ಒಮ್ಮೆ ಹೊಸ ರೇಟು ಹಾಕಿದ ಮೇಲೂ ಫೋನ್ ಬರತೊಡಗಿತು. "ಏನ್ರೀ, ಇನ್ನೂ ಹಿಂದಿನ ರೇಟ್ ತೋರಸಾಕತ್ತೈತಲ್ರೀ?" ಅಂಗಡಿಯ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿತ್ತು. ಅವರ ಫೋನಿನ ಬ್ರೌಸರ್ ಮೊದಲೇ ಉಳಿಸಿಟ್ಟುಕೊಂಡಿದ್ದ ಪ್ರತಿಯನ್ನು, ಅಂದರೆ ಕ್ಯಾಶ್‌ನಲ್ಲಿದ್ದದ್ದನ್ನೇ, ತೋರಿಸುತ್ತಿತ್ತು. ಪುಟವನ್ನು ಹೊಸದಾಗಿ ತರಿಸುವ ಕಂಟ್ರೋಲ್ ಎಫ್5 ಒತ್ತಿ ಅನ್ನೋಣ ಅಂದರೆ ಮೊಬೈಲಿನಲ್ಲಿ ಆ ಕೀಲಿಯೇ ಇಲ್ಲ. ರೀಫ್ರೆಶ್ ಮಾಡಿದರೆ ಬ್ರೌಸರ್ ಸರ್ವರನ್ನು ಕೇಳುತ್ತದೆ, ನಿಜ. ಆದರೆ ವಾಟ್ಸಾಪ್ ಲಿಂಕ್ ಒತ್ತಿ ಬಂದವರು ಯಾಕೆ ರೀಫ್ರೆಶ್ ಮಾಡುತ್ತಾರೆ? ಕಂಡದ್ದನ್ನು ನಂಬುತ್ತಾರೆ, ಅಲ್ವಾ? ಇದನ್ನು ಸರಿಪಡಿಸುವುದು ಪುಟ ಕಳಿಸುವವರ ಕೆಲಸ, ಓದುವವರದ್ದಲ್ಲ.

ಕ್ರೋಮ್‌ನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದು ಹೆಡರ್‌ಗಳನ್ನು, ಅಂದರೆ ಪುಟದ ಜತೆ ಸರ್ವರ್ ಕಳಿಸುವ ಸೂಚನೆಗಳನ್ನು, ನೋಡಿದೆ. ಪುಟ ಕೊನೆಗೆ ಬದಲಾದದ್ದು ಯಾವಾಗ ಅನ್ನುವ ಲಾಸ್ಟ್-ಮಾಡಿಫೈಡ್ ಇತ್ತು, ಪ್ರತಿಯನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವ ಕ್ಯಾಶ್-ಕಂಟ್ರೋಲ್ ಇರಲಿಲ್ಲ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ಸರ್ವರ್ ಹೇಳದಿದ್ದರೆ ಬ್ರೌಸರ್ ತಾನೇ ಅಂದಾಜು ಮಾಡುತ್ತದೆ. ಪುಟ ಬದಲಾಗಿ ಎಷ್ಟು ಕಾಲವಾಗಿದೆಯೋ ಅದರ ಶೇ. 10ರಷ್ಟು ಹೊತ್ತು ತನ್ನ ಪ್ರತಿ ತಾಜಾ ಅಂದುಕೊಳ್ಳುವುದು ಸಾಮಾನ್ಯ ಲೆಕ್ಕ. 20 ದಿನ ಮುಟ್ಟದ ಪುಟವನ್ನು 2 ದಿನ ಕೇಳದೆಯೇ ತೋರಿಸಬಹುದು. ಅಂದರೆ ಮಾರುಕಟ್ಟೆ ತಣ್ಣಗಿದ್ದು ರೇಟು ಬಹಳ ದಿನ ಬದಲಾಗದಿದ್ದಷ್ಟೂ ಹಳೆಯ ಪ್ರತಿ ಜಾಸ್ತಿ ಹೊತ್ತು ಉಳಿಯುತ್ತದೆ. ಆವಕ ಶುರುವಾಗಿ ಎಲ್ಲರೂ ರೇಟು ನೋಡುವ ದಿನವೇ ಕೈ ಕೊಡುತ್ತದೆ.

ರೇಟಿನ ಪುಟಕ್ಕೆ ಕ್ಯಾಶ್-ಕಂಟ್ರೋಲ್: ನೋ-ಕ್ಯಾಶ್ ಹಾಕಿದೆ. ಬ್ರೌಸರ್ ಪ್ರತಿಯನ್ನು ಇಟ್ಟುಕೊಳ್ಳುತ್ತದೆ, ಆದರೆ ತೋರಿಸುವ ಮುಂಚೆ ಪ್ರತಿ ಸಲ ಸರ್ವರನ್ನು ಕೇಳುತ್ತದೆ. ಜತೆಗೆ ಈಟ್ಯಾಗ್, ಅಂದರೆ ಪುಟದ ಆ ಆವೃತ್ತಿಯ ಗುರುತು, ಕಳಿಸುತ್ತೇನೆ. ಏನೂ ಬದಲಾಗಿಲ್ಲದಿದ್ದರೆ ಸರ್ವರ್ ಪುಟ ಕಳಿಸದೆ 304 ಅಂತಷ್ಟೇ ಉತ್ತರಿಸುತ್ತದೆ. ಏನನ್ನೂ ಇಟ್ಟುಕೊಳ್ಳಬೇಡ ಅನ್ನುವ ನೋ-ಸ್ಟೋರ್ ನನಗೆ ಬೇಡವಾಗಿತ್ತು. ನೆಟ್‌ವರ್ಕ್ ಸರಿಯಾಗಿ ಸಿಗದ ಹೊಲದಲ್ಲಿ ನಿಂತವರಿಗೆ ಸುಮ್ನೆ ಪೂರ್ತಿ ಪುಟ ಮತ್ತೆ ಇಳಿಸುವ ಶಿಕ್ಷೆ ಯಾಕೆ?

ಲೋಗೊ, ಸ್ಟೈಲ್ ಫೈಲುಗಳಿಗೆ ಮ್ಯಾಕ್ಸ್-ಏಜ್, ಅಂದರೆ ಕೇಳದೆ ಇಟ್ಟುಕೊಳ್ಳಬಹುದಾದ ಅವಧಿ, 31536000 ಸೆಕೆಂಡ್, ಒಂದು ವರ್ಷ. ಬದಲಿಸಿದಾಗ ಫೈಲಿನ ಹೆಸರನ್ನೇ ಬದಲಿಸುತ್ತೇನೆ, ಆಗ ಬ್ರೌಸರ್ ಹೊಸದನ್ನು ತರಿಸುತ್ತದೆ.

ಈಗಾಗಲೇ ಫೋನಿನಲ್ಲಿ ಕೂತಿದ್ದ ಪ್ರತಿಗಳಿಗೆ ಹೊಸ ಹೆಡರ್ ತಲುಪುವುದಿಲ್ಲ. ಅದಕ್ಕೇ ಆರಂಭದಲ್ಲಿ ಲಿಂಕಿನ ಕೊನೆಗೆ ಪ್ರಶ್ನೆ ಚಿಹ್ನೆ ಮತ್ತು ಹೊಸ ಸಂಖ್ಯೆ ಸೇರಿಸಿ ಕಳಿಸಿದೆ. ಬ್ರೌಸರಿಗೆ ಅದು ಬೇರೆಯೇ ವಿಳಾಸ.

ಇನ್ನೊಂದು ಉಳಿದಿತ್ತು. ಬ್ಯಾಕ್ ಬಟನ್ ಒತ್ತಿದಾಗ ಬ್ರೌಸರ್ ಕೆಲವೊಮ್ಮೆ ಪುಟವನ್ನು ಇದ್ದ ಹಾಗೇ ಮೆಮೊರಿಯಿಂದ ಎತ್ತಿ ತೋರಿಸುತ್ತದೆ, ಸರ್ವರನ್ನು ಕೇಳುವುದಿಲ್ಲ. ಜಾವಾಸ್ಕ್ರಿಪ್ಟ್‌ನ ಪೇಜ್‌ಶೋ ಇವೆಂಟಿನಲ್ಲಿ ಪರ್ಸಿಸ್ಟೆಡ್ (ಪುಟ ಹಾಗೆ ಮೆಮೊರಿಯಿಂದ ಬಂದದ್ದು ಅನ್ನುವ ಗುರುತು) ನಿಜವಿದ್ದರೆ ರೇಟನ್ನು ಮತ್ತೆ ತರಿಸುವಂತೆ ಬರೆದೆ. ಹಳೆಯದು ಕಂಡರೂ ಗೊತ್ತಾಗಲಿ ಅಂತ, ರೇಟು ಗೊತ್ತಾದ ಟೆಂಡರಿನ ದಿನಾಂಕವನ್ನೂ ರೇಟಿನ ಮೇಲೆಯೇ ದೊಡ್ಡ ಅಕ್ಷರದಲ್ಲಿ ಹಾಕಿದ್ದೇನೆ.