ಪ್ಲಾಸ್ಮಾದಲ್ಲಿ ಪ್ಲಾಟಿನಂ ಪುಡಿ: ನನ್ನ ಅನುಭವ

ಫ್ಯುಯೆಲ್ ಸೆಲ್ಲಿಗೆ (ಹೈಡ್ರೋಜನ್ ಮತ್ತು ಆಮ್ಲಜನಕದಿಂದ ವಿದ್ಯುತ್ ಮಾಡುವ ಸಾಧನ) ಬೇಕಾದ ಪ್ಲಾಟಿನಂ ಕ್ಯಾಟಲಿಸ್ಟನ್ನು, ಅಂದರೆ ಅಲ್ಲಿನ ಕ್ರಿಯೆಗೆ ವೇಗ ಕೊಡುವ ಪುಡಿಯನ್ನು, ಮೊದಲು ನಾನು ಟ್ಯೂಬ್ ಫರ್ನೇಸಿನಲ್ಲಿ ಮಾಡುತ್ತಿದ್ದೆ. ಹೈಡ್ರೋಜನ್ ಹರಿಸಿ, 300 ಡಿಗ್ರಿ ಬಿಸಿಯಲ್ಲಿ. ಅಷ್ಟು ಬಿಸಿಗೆ ಕಣಗಳು ಒಂದಕ್ಕೊಂದು ಅಂಟಿಕೊಂಡು ದಪ್ಪಗಾಗುತ್ತವೆ. ಕೆಲಸ ಮಾಡುವುದು ಕಣದ ಹೊರಮೈ ಮಾತ್ರ, ಅಲ್ವಾ? ಒಳಗೆ ಸಿಕ್ಕಿಕೊಂಡ ಪ್ಲಾಟಿನಂ ದಂಡ. ಅಷ್ಟು ದುಬಾರಿ ಲೋಹ ಹಾಗೆ ಹಾಳಾಗುವುದು ನೋಡಿ ಹೊಟ್ಟೆ ಉರಿಯುತ್ತಿತ್ತು. ಪ್ಲಾಸ್ಮಾಕ್ಕೆ ಕೈ ಹಾಕಿದ್ದು ಅದಕ್ಕೇ. ಪ್ಲಾಸ್ಮಾ ಎಂದರೆ ವಿದ್ಯುತ್ ಹಾಯಿಸಿದಾಗ ಎಲೆಕ್ಟ್ರಾನುಗಳು ಬಿಡಿಯಾಗಿ ಹೊಳೆಯುವ ಅನಿಲ. ಕಡಿಮೆ ಒತ್ತಡದ ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳಿಗೆ ಶಕ್ತಿ ಜಾಸ್ತಿ, ಅನಿಲ ಮಾತ್ರ ಅಷ್ಟೇನೂ ಕಾಯುವುದಿಲ್ಲ. ಪ್ಲಾಟಿನಂ ಇರುವ ಉಪ್ಪು ಲೋಹವಾಗುತ್ತದೆ, ಕಣ ಸಣ್ಣದಾಗಿಯೇ ಉಳಿಯುತ್ತದೆ.

400 ಮಿಲಿಗ್ರಾಂ ವಲ್ಕನ್ ಕಾರ್ಬನ್ನಿಗೆ (ನುಣ್ಣನೆ ಇಂಗಾಲದ ಕಪ್ಪು ಪುಡಿ) 266 ಮಿಲಿಗ್ರಾಂ ಕ್ಲೋರೋಪ್ಲಾಟಿನಿಕ್ ಆಸಿಡ್ ತೆಗೆದುಕೊಂಡೆ. ನಾನು ಉಪ್ಪು ಅನ್ನುವುದು ಇದನ್ನೇ. ಲೆಕ್ಕಕ್ಕೆ ಶೇ. 20 ಪ್ಲಾಟಿನಂ. ನೀರಿನಲ್ಲಿ ಕಲಸಿ, ಸೋನಿಕೇಟರಿನಲ್ಲಿಟ್ಟು (ಶಬ್ದದ ಅಲೆಗಳಿಂದ ಕಲಸುವ ಯಂತ್ರ), ಒಣಗಿಸಿ, ಗಾಜಿನ ತಟ್ಟೆಯಲ್ಲಿ ಹರಡಿದೆ. ತಟ್ಟೆಯನ್ನು ಪ್ಲಾಸ್ಮಾದ ಕೊಳವೆಯೊಳಗಿಟ್ಟು, ಗಾಳಿ ಹೊರಗೆಳೆಯುವ ಪಂಪಿನ ವಾಲ್ವ್ ಸರಕ್ಕನೆ ತಿರುಗಿಸಿದ್ದೇ ತಪ್ಪು. ಅರ್ಧ ಪುಡಿ ಕೊಳವೆಗೆ ಹಾರಿಹೋಯಿತು. ಈಗ ವಾಲ್ವನ್ನು ಕೂದಲೆಳೆಯಷ್ಟೇ ತೆರೆದು ಕಾಯುತ್ತೇನೆ.

ಆರ್ಗಾನ್ ಬಿಟ್ಟು ವೋಲ್ಟೇಜ್ ಏರಿಸಿದಾಗ ಕೊಳವೆ ತುಂಬ ನೇರಳೆ ಬೆಳಕು. ಒಂದು ಗಂಟೆ ಬಿಟ್ಟೆ. ಆದರೆ ಪುಡಿ ಮೊದಲೂ ಕಪ್ಪು, ಆಮೇಲೂ ಕಪ್ಪು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ತೊಳೆದು ಸೋಸಿದಾಗ ಫ್ಲಾಸ್ಕಿಗೆ ಇಳಿದ ನೀರು ಅರಿಶಿನದ ತಿಳಿನೀರಿನ ಹಾಗೆ ಹಳದಿ. ಉಪ್ಪು ಹಾಗೇ ಉಳಿದಿತ್ತು! ಪ್ಲಾಸ್ಮಾ ತಾಗಿದ್ದು ಮೇಲಿನ ಪದರಕ್ಕೆ ಮಾತ್ರ. ಮುಂದಿನ ಸಲ ಪುಡಿಯನ್ನು ತೆಳ್ಳಗೆ ಹರಡಿದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ತೆಗೆದು, ಚಮಚದಲ್ಲಿ ತಿರುವಿ, ಮತ್ತೆ ಒಳಗಿಟ್ಟೆ. ಹೀಗೆ ಆರು ಸಲ. ಬೇಸರದ ಕೆಲಸವೇ, ಆದರೆ ಸೋಸಿದ ನೀರು ತಿಳಿಯಾಗಿ ಇಳಿದಾಗ ಆದ ಖುಷಿ ಹೇಳತೀರದು.

ತೊಳೆಯುವುದರಲ್ಲಿ ಅವಸರ ಬೇಡ. ಕ್ಲೋರೈಡ್ ಉಳಿದರೆ ಪ್ಲಾಟಿನಂ ಮೈಗೆ ಅಂಟಿ ಆಮ್ಲಜನಕಕ್ಕೆ ಜಾಗ ಕೊಡುವುದಿಲ್ಲ. ಸೋಸಿದ ನೀರಿಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಡುತ್ತೇನೆ. ಹಾಲಿನಂತೆ ಕದಡಿದರೆ ಮತ್ತೆ ಬಿಸಿನೀರು. "ಇನ್ನೂ ಎಷ್ಟು ತೊಳೀತೀಯಾ ಮಾರಾಯ?" ಎಂದು ಗೆಳೆಯ ಕೇಳಿದ್ದ. ಕದಡುವುದು ನಿಲ್ಲುವ ತನಕ.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಕಣ ಅಳೆಯುವ ಪರೀಕ್ಷೆ) ಪ್ಲಾಟಿನಂನ 39.8 ಡಿಗ್ರಿ ಹತ್ತಿರದ ಪೀಕ್ ಅಗಲವಾಗಿ ಬಂತು. ಪೀಕ್ ಅಗಲವಾದಷ್ಟೂ ಕಣ ಸಣ್ಣದು. ಲೆಕ್ಕ ಹಾಕಿದರೆ ಕಣ ಸುಮಾರು 3 ನ್ಯಾನೋಮೀಟರ್. ಫರ್ನೇಸಿನಲ್ಲಿ ಮಾಡಿದ್ದು ಅದರ ಎರಡರಷ್ಟಿತ್ತು.

ಫ್ಯುಯೆಲ್ ಸೆಲ್ಲಿಗೆ ಬಳಿಯಲು ಪುಡಿಯನ್ನು ಇಂಕ್ ಮಾಡುವಾಗ ಒಂದು ಎಚ್ಚರಿಕೆ. ಒಣ ಪುಡಿಯ ಮೇಲೆ ಐಸೊಪ್ರೊಪನಾಲ್ (ಒಂದು ಬಗೆಯ ಆಲ್ಕೋಹಾಲ್) ಸುರಿದರೆ ಬೆಂಕಿ ಹತ್ತಿಕೊಳ್ಳಬಹುದು. ಮೊದಲು ನೀರು ಹಾಕಿ ಪೂರ್ತಿ ಒದ್ದೆ ಮಾಡಿ. ಐಸೊಪ್ರೊಪನಾಲ್ ಬಾಟಲಿಯ ಮುಚ್ಚಳ ತೆಗೆಯುವುದು ಆಮೇಲೆ.