ಎಂಟರ ಬಸ್ಸು ಮತ್ತು ನಮ್ಮ ವಾರ್ಡಿನ ಹ್ಯಾಂಡೋವರ್

ಉಡುಪಿಯ ಒಂದು ಆಸ್ಪತ್ರೆಯಲ್ಲಿ ನಾನು ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಶಿಫ್ಟ್ ಬದಲಾಗುವಾಗ ನಮ್ಮ ಹ್ಯಾಂಡೋವರ್, ಅಂದರೆ ಹೋಗುವವರು ಬರುವವರಿಗೆ ರೋಗಿಗಳ ಸ್ಥಿತಿ ತಿಳಿಸಿ ಒಪ್ಪಿಸುವುದು, ಪೂರ್ತಿ ನರ್ಸಿಂಗ್ ಸ್ಟೇಷನ್ನಿನಲ್ಲೇ ಮುಗಿಯುತ್ತಿತ್ತು. ಕೈಯಲ್ಲಿ ರಿಜಿಸ್ಟರ್, ಬಾಯಲ್ಲಿ ಬೆಡ್ ನಂಬರ್. ರೋಗಿಯ ಮುಖ ಯಾರೂ ನೋಡುತ್ತಿರಲಿಲ್ಲ. ಹ್ಯಾಂಡೋವರ್ ಹೊತ್ತಿನಲ್ಲಿ ಮಾತು ತಪ್ಪಿದರೆ ರೋಗಿಗೆ ಅಪಾಯ ಅಂತ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಇದನ್ನು ಬೆಡ್ ಪಕ್ಕಕ್ಕೆ ತರಲೇಬೇಕು ಅಂತ ನನಗೆ ಹಟ.

ಸರ್ಕ್ಯುಲರ್ ಹಾಕಿದೆ. ರೋಗಿಯ ಬಗ್ಗೆ ಹೇಳಬೇಕಾದ್ದನ್ನು ನಾಲ್ಕು ಪ್ರಶ್ನೆಗಳಲ್ಲಿ ನೆನಪಿಸುವ ಎಸ್‌ಬಾರ್ (SBAR) ಕಾರ್ಡ್ ಅಂಟಿಸಿದೆ: ಈಗ ಏನಾಗಿದೆ, ಹಿಂದೆ ಏನಿತ್ತು, ನಿಮಗೆ ಏನನ್ನಿಸುತ್ತದೆ, ಮುಂದೆ ಏನು ಮಾಡಬೇಕು. ಮೂರು ದಿನ ನಡೆಯಿತು. ನಾಲ್ಕನೇ ದಿನ ಎಲ್ಲರೂ ಮತ್ತೆ ಸ್ಟೇಷನ್ನಿಗೆ. ನನಗೆ ಸಿಟ್ಟು ಬಂತು. ಇವರಿಗೆ ಮನಸ್ಸೇ ಇಲ್ಲ ಅಂದುಕೊಂಡೆ.

ಆಮೇಲೆ ಒಂದು ವಾರ ಬೆಳಿಗ್ಗೆ ಬೇಗ ಹೋಗಿ ನೈಟ್ ಡ್ಯೂಟಿಯವರ ಜೊತೆ ಸುಮ್ನೆ ನಿಂತೆ. ಹಿರಿಯಡ್ಕದ ಸಿಸ್ಟರ್ ಗಡಿಯಾರ ನೋಡುತ್ತಲೇ ಇದ್ದಳು. ಯಾಕೆ ಅಂತ ಕೇಳಿದೆ.

"ಎಂಟರ ಬಸ್ಸು ತಪ್ಪಿದ್ರೆ ಮಗು ಶಾಲೆಗೆ ಹೋಗುವ ಮೊದಲು ನೋಡ್ಲಿಕ್ಕೇ ಸಿಗುದಿಲ್ಲ ಅಕ್ಕ."

ಕೇರಳದ ಸಿಸ್ಟರಿಗೆ ಬೇರೆಯೇ ಕಷ್ಟ. ರೋಗಿ ತುಳುವಿನಲ್ಲಿ ಏನಾದರೂ ಕೇಳಿದರೆ ಎಲ್ಲರ ಎದುರು ಉತ್ತರ ಬರುವುದಿಲ್ಲ ಅನ್ನುವ ಭಯ. ಸರ್ಕ್ಯುಲರ್ ಬರೆಯುವ ಮೊದಲೇ ನಾನು ಇದನ್ನೆಲ್ಲ ಕೇಳಬೇಕಿತ್ತು.

ದಾರಿ ಹುಡುಕಿದ್ದು ಅವರೇ. ಡ್ರಿಪ್, ಆಕ್ಸಿಜನ್, ಇನ್ಸುಲಿನ್ ಇರುವವರದ್ದು ಮಾತ್ರ ಬೆಡ್ ಪಕ್ಕದಲ್ಲಿ, ಉಳಿದವರದ್ದು ಸ್ಟೇಷನ್ನಿನಲ್ಲಿ. ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಔಷಧಿ-ಸಾಮಾನಿನ ಗಾಡಿ, ಅದರಲ್ಲಿರುವುದನ್ನು ಎಣಿಸುವ ಕೆಲಸವನ್ನು ನೈಟ್‌ನವರಿಂದ ತೆಗೆದು ಬೆಳಗ್ಗಿನ ಶಿಫ್ಟಿಗೆ ಕೊಟ್ಟೆವು. ಹೊಸ ಕೆಲಸ ಹೇರುವಾಗ ಹಳೆಯದೊಂದನ್ನು ಇಳಿಸಬೇಕು ಅಲ್ವಾ? ತುಳು ಗೊತ್ತಿರುವ ಆಯಾ ನಮ್ಮ ಜೊತೆಗೇ ಬರುತ್ತಾರೆ ಅಂತಲೂ ಆಯಿತು.

ಎರಡನೇ ವಾರ. ಕಾಪುವಿನ ಅಜ್ಜಿಯೊಬ್ಬರ ಬೆಡ್. ರಿಜಿಸ್ಟರಿನಲ್ಲಿ "ಐವಿ ಲೈನ್ ಸರಿ ಇದೆ", ಅಂದರೆ ಡ್ರಿಪ್ ಸರಿಯಾಗಿ ಹೋಗುತ್ತಿದೆ ಅಂತ ಬರೆದಿತ್ತು. ಅಜ್ಜಿ ಮೆಲ್ಲಗೆ, "ಮೂಲು ಬೇನೆ ಆಪುಂಡು" ಅಂದರು. ಇಲ್ಲಿ ನೋವಾಗ್ತಿದೆ ಅಂತಿದ್ದಾರೆ ಅಂದರು ಆಯಾ. ಹೊದಿಕೆ ಸರಿಸಿದರೆ ಮುಂಗೈ ಊದಿ ಬಿಗಿದಿತ್ತು. ಡ್ರಿಪ್ ರಕ್ತನಾಳಕ್ಕೆ ಹೋಗದೆ ಹೊರಗೆ ಇಳಿಯುತ್ತಿತ್ತು. ಕೂಡಲೇ ನಿಲ್ಲಿಸಿ, ಕೈಗೆ ಚುಚ್ಚಿದ್ದ ಸಣ್ಣ ನಳಿಕೆ (ಕ್ಯಾನುಲಾ) ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟೆವು. ಇನ್ನೊಂದು ಕೈಗೆ ಹೊಸ ಲೈನ್ ಹಾಕಿದೆವು. ಯಾರೂ ಯಾರನ್ನೂ ಬೈಯಲಿಲ್ಲ.

ಮರುದಿನ ಕೇರಳದ ಸಿಸ್ಟರ್ ಜೇಬಿನ ಪುಸ್ತಕದಲ್ಲಿ "ಬೇನೆ ಉಂಡಾ" ಅಂತ ಮಲಯಾಳಂ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. "ನಮ್ಮಲ್ಲೂ ವೇದನ ಉಂಡೋ ಅಂತಲೇ ಹೇಳುದು ಅಕ್ಕ" ಅಂದಳು.