ಮಿಸ್‌ಫೈರ್: ಹಾರದ ಗುಂಡಿನ ಸುದ್ದಿ

ದಿನಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಮಲೆನಾಡಿನ ಜಿಲ್ಲೆಗಳ ಸುದ್ದಿ ತಿದ್ದುವ ನಾನು, ‘ಕೋವಿ ಮಿಸ್‌ಫೈರ್ ಆಗಿ ಯುವಕ ಸಾವು’ ಎಂಬ ಶೀರ್ಷಿಕೆಯನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಟ್ಟಿಲ್ಲ. ಒಮ್ಮೆ ಊರಿಗೆ ಹೋಗಿದ್ದಾಗ, ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ದೊಡ್ಡಪ್ಪ ಕನ್ನಡಕ ಮೇಲೆತ್ತಿ, ‘ಮಿಸ್‌ಫೈರ್ ಆದರೆ ಗುಂಡೇ ಹಾರುವುದಿಲ್ಲವಲ್ಲೋ, ಈ ಹುಡುಗ ಸತ್ತದ್ದು ಹೇಗೆ?’ ಎಂದು ಕೇಳಿದರು.

ಅವರು ಕಂಡದ್ದು ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಸಲಾಕೆಯಿಂದ ಜಡಿದು, ಹಿಂಬದಿಯ ಸಣ್ಣ ತೂತಿನ ಮೇಲೆ ಕೇಪು ಎಂಬ ಸಿಡಿಮದ್ದಿನ ಪುಟ್ಟ ಟೊಪ್ಪಿ ಕೂರಿಸಿದರೆ, ಕುದುರೆ ಎಂಬ ಸುತ್ತಿಗೆಯಂಥ ಭಾಗ ಬಡಿದಾಗ ಕೇಪು ಸಿಡಿದು ಅದರ ಕಿಡಿ ತೂತಿನೊಳಗಿಂದ ಮದ್ದಿಗೆ ತಗುಲಬೇಕು. ಮಳೆಗಾಲದಲ್ಲಿ ಮದ್ದಿಗೆ ತೇವ ತಾಕಿದ್ದರೆ ಕೇಪು ಮಾತ್ರ ಚಟ್ಟೆಂದು, ಕೋವಿ ಸುಮ್ಮನಾಗುತ್ತದೆ. ‘ಕೇಪು ಹಾರಿತು, ಈಡು ಹೋಗಲಿಲ್ಲ’ ಎನ್ನುತ್ತಿದ್ದರು ದೊಡ್ಡಪ್ಪ. ಮಿಸ್‌ಫೈರ್ ಎಂದರೆ ಅಷ್ಟೇ. ಪದದ ಮೊದಲಿಗಿರುವ ‘ಮಿಸ್’ ಅನ್ನು ‘ತಪ್ಪಿ’ ಎಂದು ಓದಿಕೊಂಡ ನಾವು, ತಪ್ಪಿ ಹಾರಿದ ಗುಂಡಿಗೆ ಆ ಹೆಸರು ಕೊಟ್ಟು ಅರ್ಥವನ್ನೇ ತಿರುವುಮುರುವು ಮಾಡಿದ್ದೇವೆ.

ಅಂದಿನಿಂದ ಇಂತಹ ವರದಿ ಬಂದಾಗ ವರದಿಗಾರರಿಗೆ ಫೋನ್ ಮಾಡಿ ನಡೆದದ್ದೇನೆಂದು ಕೇಳುತ್ತೇನೆ. ಕೋವಿ ಒರೆಸುವಾಗ ಹಾರಿದ್ದರೆ ‘ಆಕಸ್ಮಿಕವಾಗಿ ಗುಂಡು ಹಾರಿ’ ಎಂದೂ, ಹಂದಿಗೆ ಇಟ್ಟದ್ದು ಮನುಷ್ಯನಿಗೆ ತಗುಲಿದ್ದರೆ ‘ಗುರಿ ತಪ್ಪಿದ ಗುಂಡು’ ಎಂದೂ ತಿದ್ದುತ್ತೇನೆ. ಪೊಲೀಸರ ತನಿಖೆಯಲ್ಲಿ ಇವೆರಡೂ ಬೇರೆ ಬೇರೆ ಸಂಗತಿಗಳು. ಒಂದು ಕಾಲಮ್ಮಿನ ಶೀರ್ಷಿಕೆಯಲ್ಲಿ ‘ಆಕಸ್ಮಿಕವಾಗಿ’ ಹಿಡಿಸುವುದಿಲ್ಲ ಎಂಬುದು ನಿಜವಾದ ತೊಡಕೇ ಆದ್ದರಿಂದ, ‘ಕೈತಪ್ಪಿ ಹಾರಿದ ಗುಂಡು’ ಎಂದು ಇಳಿಸಿಕೊಂಡಿದ್ದೇನೆ. ಈಡು ಹೋಗಲಿಲ್ಲವೆಂದು ನಳಿಗೆಗೆ ಬಗ್ಗಿ ನೋಡುವಷ್ಟರಲ್ಲಿ ಮದ್ದು ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಅದನ್ನು ಬಿಡಿಸಿ ಬರೆಯದೆ ದಾರಿಯಿಲ್ಲ.

ಸರಿಯಾದ ಅರ್ಥ ಉಳಿದಿರುವುದು ಗ್ಯಾರೇಜುಗಳಲ್ಲಿ. ಪ್ಲಗ್ಗಿಗೆ ಮಸಿ ಹಿಡಿದು ಕಿಡಿ ಬಾರದಿದ್ದಾಗ ಮೆಕ್ಯಾನಿಕ್ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಎನ್ನುತ್ತಾನೆ. ಫೋರ್ ಸ್ಟ್ರೋಕ್ ಬೈಕಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸಿಲಿಂಡರಿನಲ್ಲಿ 1500 ಸಲ ಇಂಧನ ಉರಿಯಬೇಕು. ನಡುವೆ ನಾಲ್ಕಾರು ತಪ್ಪಿದರೂ ಅವನ ಕಿವಿ ಹಿಡಿಯುತ್ತದೆ.

ಕಳೆದ ವಾರವೂ ಒಂದು ಮಿಸ್‌ಫೈರ್ ಬಂದಿತ್ತು. ‘ಠಾಣೆಯವರೇ ಹಾಗೆ ಹೇಳಿದ್ದು ಸಾರ್’ ಎಂದರು ವರದಿಗಾರರು. ಪುಟ ಮುಗಿಸುವ ಹೊತ್ತಾಗಿತ್ತು. ‘ಕೈತಪ್ಪಿ’ ಎಂದು ತಿದ್ದಿ ಕಳಿಸಿದೆ.